ಉಭಯ ಕುಶಲೋಪರಿ

ನನ್ನ ಬಾಲ್ಯಸ್ನೇಹಿತನೊಬ್ಬ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ವರ್ಷಕ್ಕೆ ಮೂರು ನಾಲ್ಕು ಬಾರಿ ಅಂಚೆ ಕಾರ್ಡಿನ ಮೇಲೆ ಏನನ್ನಾದರೂ ಚಿತ್ರಿಸಿ ಕಳುಹಿಸುವುದು ಅವನ ರೂಢಿ. ಕಳೆದ ತಿಂಗಳು ಬಂದ ಕಾರ್ಡಿನಲ್ಲಿ ಎತ್ತಿನ ಮುಂಭಾಗವಷ್ಟೇ ಇತ್ತು; ಉಳಿದುದು ಬರಿಯ ಬಿಳಿ. ಕೆಳಗೆ, ‘ನೀನು ಮುಗಿಸಿ ಕಳುಹಿಸು’ ಎಂಬ ಅಪ್ಪಣೆ. ಅಧ್ಯಾಪಕರ ಕೊಠಡಿಯಲ್ಲಿ ಅದನ್ನು ನೋಡಿದ ಹಿರಿಯ ಸಹೋದ್ಯೋಗಿಯೊಬ್ಬರು, “ಇದು ಆಟ ಕಣ್ರೀ. ಇದನ್ನೂ ಕಲೆ ಎನ್ನುವುದಾದರೆ ವಿಮರ್ಶೆಗೆ ಕೆಲಸವೇನು?” ಎಂದರು.

ಗೆಳೆಯನ ಆಟಕ್ಕೊಂದು ವಂಶಾವಳಿಯಿದೆ. ನ್ಯೂಯಾರ್ಕಿನ ರೇ ಜಾನ್ಸನ್ ಎಂಬ ಕಲಾವಿದರು 1950ರ ದಶಕದಿಂದಲೇ ಕತ್ತರಿಸಿ ಅಂಟಿಸಿದ ಚಿತ್ರಗಳನ್ನು, ಅರೆಬರೆ ರೇಖೆಗಳನ್ನು ಪರಿಚಿತರಿಗೂ ಅಪರಿಚಿತರಿಗೂ ಅಂಚೆಯಲ್ಲಿ ಕಳುಹಿಸುತ್ತ, ಅದಕ್ಕೆ ಏನನ್ನಾದರೂ ಸೇರಿಸಿ ಮತ್ತೊಬ್ಬರಿಗೆ ರವಾನಿಸಿರೆಂದು ಕೇಳಿಕೊಳ್ಳುತ್ತಿದ್ದರು. 1970ರಲ್ಲಿ ಅಲ್ಲಿನ ವಿಟ್ನಿ ಕಲಾಸಂಗ್ರಹಾಲಯ ಈ ಬಳಗದ ಪ್ರದರ್ಶನವನ್ನೇ ಏರ್ಪಡಿಸಿತು. ಮುಂದೆ ಅಂಚೆ ಕಲೆಯ ಪ್ರದರ್ಶನಗಳಲ್ಲಿ ಒಂದು ಕಟ್ಟಳೆ ನೆಲೆನಿಂತಿತು: ಬಂದುದನ್ನೆಲ್ಲ ತೂಗುಹಾಕಬೇಕು, ಆಯ್ಕೆಯಿಲ್ಲ, ಬಹುಮಾನವಿಲ್ಲ, ಪ್ರವೇಶಶುಲ್ಕವೂ ಇಲ್ಲ. ಹೀಗಾದಲ್ಲಿ ಜೊಳ್ಳೂ ಬಂದು ಸೇರುವುದು ಸಹಜವೇ. ಪುಸ್ತಕಗಳಲ್ಲಿ ಇವುಗಳ ಪ್ರತಿಕೃತಿಗಳನ್ನು ನೋಡುತ್ತ ಹೋದ ನನಗೆ ಹತ್ತಾರು ಪುಟಗಳಲ್ಲೇ ಬೇಸರ ಬಂದುದುಂಟು. ಆ ಮಟ್ಟಿಗೆ ಸಹೋದ್ಯೋಗಿಗಳ ಮಾತು ನಿಜ.

ಆದರೆ ಅವರು ಕಾರ್ಡನ್ನು ಬಿಡಿಯಾಗಿ ಹಿಡಿದು ತೂಗುತ್ತಾರೆ. ಸಂವಾದದ ಒಂದೇ ಮಾತನ್ನು ಕಿತ್ತು ನಾಟಕವನ್ನು ಅಳೆದಂತೆ ಅದು. ಕಾವ್ಯ ಪೂರ್ಣವಾಗುವುದು ಸಹೃದಯನಲ್ಲಿ ಎಂದು ನಾವು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತೇವೆ. ಇಲ್ಲಿ ಆ ಸಹೃದಯನಿಗೆ ಒಂದು ವಿಳಾಸವೂ ಇದೆ, ಉತ್ತರಿಸುವ ಹೊಣೆಯೂ ಇದೆ.

ಆ ಹೊಣೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಉರುಗ್ವೆಯ ಕವಿ, ಚಿತ್ರಕಾರ ಕ್ಲೆಮೆಂತೆ ಪದೀನ್ ಅವರ ಕಥೆ ಸಾಕ್ಷಿ. 1974ರಲ್ಲಿ ಮೊಂಟೆವಿಡಿಯೊ ನಗರದಲ್ಲಿ ಲ್ಯಾಟಿನ್ ಅಮೆರಿಕದ ಮೊದಲ ಅಂಚೆ ಕಲಾಪ್ರದರ್ಶನವನ್ನು ನಡೆಸಿದವರು ಅವರು. ದೇಶವಾಗಲೇ ಸೇನೆಯ ಹಿಡಿತದಲ್ಲಿತ್ತು. 1977ರಲ್ಲಿ, ಸೇನೆಯನ್ನು ಅವಮಾನಿಸಿದರೆಂಬ ಆರೋಪದ ಮೇಲೆ ಪದೀನರನ್ನೂ ಸಂಗಾತಿ ಕಲಾವಿದ ಹೋರ್ಹೆ ಕರಬಾಯೊ ಅವರನ್ನೂ ಸೆರೆಯಲ್ಲಿಟ್ಟರು. ಆಗ ಅವರ ಬಿಡುಗಡೆಗಾಗಿ ದೇಶದೇಶಗಳಿಂದ ಪತ್ರ ಬರೆದು ಒತ್ತಾಯಿಸಿದವರು, ಬಹುಮಟ್ಟಿಗೆ ಅವರನ್ನು ಕಣ್ಣಿನಿಂದ ಕಾಣದೆ ಕಾರ್ಡುಗಳಿಂದಲೇ ಅರಿತಿದ್ದ ಕಲಾವಿದರು. ಆಯ್ಕೆಯಿಲ್ಲದ ಬಳಗವೆಂದು ನಗುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಹಿರಿಯರು ಕಾಗದದ ಆರಂಭದಲ್ಲಿ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಬರೆಯುತ್ತಿದ್ದರು. ಎಲ್ಲ ಪತ್ರಗಳಲ್ಲೂ ಅದೇ ಮಾತು. ಆದರೂ ಅದಿಲ್ಲದ ಪತ್ರ ಬಂದರೆ ಮನೆಯವರಿಗೆ ಗಾಬರಿ. ಜಪಾನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಆನ್ ಕವಾರ ಎಂಬ ಕಲಾವಿದರು 1970ರಿಂದ ಪರಿಚಿತರಿಗೆ ತಂತಿ ಕಳುಹಿಸತೊಡಗಿದರು. ಒಕ್ಕಣೆ ಇಷ್ಟೆ: ನಾನಿನ್ನೂ ಬದುಕಿದ್ದೇನೆ. ವಿದ್ವಾಂಸರು ಅದಕ್ಕೆ ಬಹಳ ವ್ಯಾಖ್ಯಾನ ಮಾಡಿದ್ದಾರೆ. ನಮ್ಮ ಅಜ್ಜಿಗೆ ವ್ಯಾಖ್ಯಾನ ಬೇಕಾಗುತ್ತಿರಲಿಲ್ಲ.

ಸಹೋದ್ಯೋಗಿಗಳು ಇನ್ನೊಂದು ಬಾಣ ಬಿಟ್ಟರು. ಪೂರ್ವ ಬರ್ಲಿನ್ನಿನ ರೂತ್ ವುಲ್ಫ್-ರೇಫೆಲ್ಟ್ ಅವರ ಹೆಸರನ್ನು ನಾನೇ ಎತ್ತಿದ್ದೆ. ಕಚೇರಿ ಕೆಲಸ ಮಾಡುತ್ತಿದ್ದ ಆಕೆ ಬೆರಳಚ್ಚು ಯಂತ್ರದ ಅಕ್ಷರಗಳಿಂದಲೇ ಅಲೆ, ಪಂಜರಗಳನ್ನು ನೇಯ್ದು, ಕಾಗದಗಳನ್ನು ಒಡೆದು ಓದುವ ಗುಪ್ತ ಪೊಲೀಸರಿದ್ದ ನಾಡಿನಿಂದ ಹೊರದೇಶಗಳಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. 1989ರಲ್ಲಿ ಗೋಡೆ ಬಿತ್ತು. ಮರುವರ್ಷ ಜರ್ಮನಿ ಒಂದಾಯಿತು. ಆಕೆ ಕೃತಿರಚನೆಯನ್ನೇ ನಿಲ್ಲಿಸಿದರು. “ನೋಡಿ, ಬಾಗಿಲು ತೆರೆದ ಮೇಲೆ ಕಿಂಡಿ ಏಕೆ?” ಎಂದರು ಇವರು. ನನಗಾದರೋ ಅದು ಆ ಕಲೆಯ ಕೊರತೆಯೆಂದು ತೋರುವುದಿಲ್ಲ. ಹೇಳಬೇಕಾದುದು ಇರುವವರೆಗೆ ಹೇಳಿ, ಬಳಿಕ ಸುಮ್ಮನಾದವರು ನಮ್ಮ ಸಾಹಿತ್ಯದಲ್ಲಿ ಎಷ್ಟು ಮಂದಿ?

ಇಷ್ಟೆಲ್ಲ ವಾದಿಸಿದ ನಾನು ಗೆಳೆಯನ ಕಾರ್ಡಿಗೆ ಒಂದು ತಿಂಗಳು ಉತ್ತರಿಸಿರಲಿಲ್ಲ. ಹಿಂದಿನ ಮೂರಕ್ಕೂ ಫೋನಿನಲ್ಲಿ ‘ಚೆನ್ನಾಗಿದೆ’ ಎಂದು ಮುಗಿಸಿದ್ದೆ. ಮೊನ್ನೆ ಬಿಡುವಿನ ಅವಧಿಯಲ್ಲಿ ಪೆನ್ನು ಹಿಡಿದು ಎತ್ತಿನ ಹಿಂಭಾಗವನ್ನು ಹೇಗೋ ಎಳೆದೆ. ಅದು ಮೇಕೆಗೆ ಹತ್ತಿರವಾಯಿತು. ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಸಹೋದ್ಯೋಗಿಗಳು ಕನ್ನಡಕದ ಮೇಲಿನಿಂದ ನೋಡಿದರು; ಬೇಸಾಯದ ಮನೆಯವರು. “ಬಾಲ ಹಾಗಿರುವುದಿಲ್ಲ, ಇತ್ತ ಕೊಡಿ” ಎಂದು ಕೆಂಪು ಶಾಯಿಯಲ್ಲಿ ತಿದ್ದಿದರು. ನಿನ್ನೆ ಸಂಜೆ ಅದನ್ನು ಅಂಚೆಗೆ ಹಾಕಿದೆ.