ಮಿಕ್ಕ ಸಾಮಾನು, ನಿಂತ ಮನೆ
(ನಮ್ಮ ಮಳಿಗೆಯ ಸ್ಥಾಪನಾ ಪ್ರಣಾಳಿಕೆ)

ಮನೆ ಕಟ್ಟಿಸಿದವರ ಮಹಡಿ ಮೇಲೆ, ಮೆಟ್ಟಿಲ ಕೆಳಗೆ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಏನಾದರೊಂದು ಉಳಿದೇ ಇರುತ್ತದೆ. ಒಂದೂವರೆ ಪೆಟ್ಟಿಗೆ ಟೈಲ್ಸು, ಅಳತೆ ತಪ್ಪಿ ಬಂದ ಕಿಟಕಿ, ಬಣ್ಣ ಹೊಂದಲಿಲ್ಲವೆಂದು ಬದಿಗಿಟ್ಟ ವಾಶ್‌ಬೇಸಿನ್ನು, ಅಡುಗೆಮನೆ ಕಟ್ಟೆಗೆ ಹಾಕಿ ಮಿಕ್ಕ ಗ್ರಾನೈಟು. ಒಡೆದದ್ದಕ್ಕೆ, ಕೊಯ್ದದ್ದಕ್ಕೆ ಎಂದು ಟೈಲ್ಸನ್ನು ಸ್ವಲ್ಪ ಹೆಚ್ಚಾಗಿಯೇ ತರಿಸುವುದು ವಾಡಿಕೆ. ಹೆಚ್ಚಾದದ್ದನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದು ಅಪರೂಪ. ಗುಜರಿಯವರಿಗೂ ಬೇಡ. ವರ್ಷಗಟ್ಟಲೆ ದೂಳು ಕುಡಿದು ಕೊನೆಗೊಂದು ದಿನ ಅದು ಕೆರೆಯಂಚಿನ ಕಸದ ರಾಶಿ ಸೇರುತ್ತದೆ.

ನಮ್ಮ ಮೈಸೂರಿನಿಂದ ನಂಜನಗೂಡಿನ ಕಡೆಗೋ ಹೆಗ್ಗಡದೇವನಕೋಟೆಯ ಕಡೆಗೋ ಹೋಗಿ ನೋಡಿ. ಚಾವಣಿ ಹಾಕಿ ಆಗಿದೆ, ಬಾಗಿಲಿಲ್ಲ. ಚೌಕಟ್ಟಿಗೆ ಹಳೇ ಸೀರೆ ಕಟ್ಟಿದ್ದಾರೆ. ಗಾರೆ ಕಾಣದ ಗೋಡೆ, ಮಣ್ಣಿನ ನೆಲ, ಬಾಗಿಲಿಗೆ ತಗಡು ನಿಲ್ಲಿಸಿದ ಕಕ್ಕಸು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದಲ್ಲಿ ಬಯಲು ಪ್ರದೇಶದ ಮನೆಗೆ 2016ರಲ್ಲಿ ಗೊತ್ತುಮಾಡಿದ ನೆರವು 1.20 ಲಕ್ಷ ರೂಪಾಯಿ. ಇದರ ಜೊತೆಗೆ ಉದ್ಯೋಗ ಖಾತರಿಯ ಕೂಲಿ, ಶೌಚಾಲಯಕ್ಕೆ 12,000. ಅಷ್ಟರಲ್ಲಿ ಕನಿಷ್ಠ 25 ಚದರ ಮೀಟರಿನ ಮನೆ ಏಳಬೇಕು. ಸಿಮೆಂಟು, ಕಬ್ಬಿಣ, ಮರಳಿನ ಬೆಲೆಗಳು 2016ಕ್ಕೇ ನಿಂತಿಲ್ಲ. ಹಣ ಬರುವುದೂ ಕಂತಿನಲ್ಲಿ: ಒಂದು ಹಂತದ ಕೆಲಸ ಮುಗಿಸಿ, ಫೋಟೋ ತೆಗೆಸಿದ ಮೇಲೆ ಮುಂದಿನದು. ಕೈಯಲ್ಲಿ ಮುಂಗಡ ಇಲ್ಲದವರು ಬಡ್ಡಿಗೆ ತಂದು ಕಟ್ಟುತ್ತಾರೆ. ಕಂತು ಬಂದಾಗ ಅದು ಬಡ್ಡಿಯವನಿಗೆ ಹೋಗುತ್ತದೆ, ಮನೆ ಅಲ್ಲಿಗೇ ನಿಲ್ಲುತ್ತದೆ.

ಆ ಮಿಕ್ಕ ಸಾಮಾನಿಗೂ ಈ ನಿಂತ ಮನೆಗೂ ನಡುವೆ ಒಂದು ಮಳಿಗೆ ತೆರೆಯಬೇಕೆಂದು ನಾವು ತೀರ್ಮಾನಿಸಿದ್ದೇವೆ. ದಾನವಾಗಿ ಬಂದ ಕಟ್ಟಡ ಸಾಮಗ್ರಿಯನ್ನು ಅಲ್ಲಿ ಮಾರುತ್ತೇವೆ. ಬಂದ ಲಾಭ ಅರ್ಧಕ್ಕೆ ನಿಂತ ಮನೆಗಳಿಗೆ ಹೋಗುತ್ತದೆ.

ಯೋಚನೆ ನಮ್ಮದೇ ಎಂದು ಹೇಳಿಕೊಳ್ಳುವುದಿಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಮಿಲರ್ಡ್ ಮತ್ತು ಲಿಂಡಾ ಫುಲರ್ ದಂಪತಿ 1976ರಲ್ಲಿ ‘ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ’ ಕಟ್ಟಿದರು. ಅಲ್ಲಿ ಮನೆ ಪುಕ್ಕಟೆಯಲ್ಲ. ಮನೆ ಪಡೆಯುವವರು ತಾವೂ ಇಟ್ಟಿಗೆ ಹೊರಬೇಕು, ಲಾಭವಿಲ್ಲದ ಬೆಲೆಯನ್ನು ನಿಧಾನವಾಗಿ ತೀರಿಸಬೇಕು. 1991ರಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ಅದೇ ಸಂಸ್ಥೆ ‘ರೀಸ್ಟೋರ್’ ಎಂಬ ಮೊದಲ ಮಳಿಗೆ ತೆರೆಯಿತು. ಜನ ಕೊಟ್ಟ ಬಾಗಿಲು, ಕಪಾಟು, ದೀಪ, ನಲ್ಲಿಗಳನ್ನು ಕಡಿಮೆ ಬೆಲೆಗೆ ಮಾರಿ, ಆ ಹಣವನ್ನು ಮನೆಗಳಿಗೆ ಹಾಕಿತು. ಇಂಥ ಮಳಿಗೆಗಳು ಈಗ ಹಲವು ದೇಶಗಳಲ್ಲಿವೆ.

ಅದನ್ನು ಹಾಗೇ ತಂದು ಇಲ್ಲಿ ನೆಟ್ಟರೆ ಚಿಗುರುವುದಿಲ್ಲ. ಅಮೆರಿಕ, ಕೆನಡಾಗಳಲ್ಲಿ ಒಡೆದ ಮನೆಯ ಅವಶೇಷ ಸಾಗಿಸಲು ಮನೆಯವರೇ ದುಡ್ಡು ಕೊಡಬೇಕು, ಹಾಗಾಗಿ ದಾನ ಸುಲಭ. ನಮ್ಮಲ್ಲಿ ಹಳೇ ಮನೆ ಕೆಡವುವ ಗುತ್ತಿಗೆದಾರನೇ ಮಾಲೀಕನ ಕೈಗೆ ದುಡ್ಡಿಟ್ಟು ತೇಗದ ತೊಲೆ, ಕಂಬ, ಕಿಟಕಿಯ ಸರಳು, ಮಂಗಳೂರು ಹಂಚುಗಳನ್ನು ಒಯ್ಯುತ್ತಾನೆ. ಬೀಟೆಯ ಬಾಗಿಲನ್ನು ಯಾರೂ ಬೀದಿಗೆ ಎಸೆಯುವುದಿಲ್ಲ. ಹಳೇ ಮರದ ಈ ವ್ಯಾಪಾರ ಮಾಡುವವರು ಕಸಬು ಬಲ್ಲವರು. ಅವರ ಹೊಟ್ಟೆಯ ಮೇಲೆ ಹೊಡೆದು ದಾನಧರ್ಮ ಮಾಡುವ ಆಸೆ ನಮಗಿಲ್ಲ.

ಹಾಗಾದರೆ ನಮ್ಮ ಪಾಲಿಗೆ ಉಳಿಯುವುದೇನು? ಯಾರಿಗೂ ಲಾಭ ತರದ ಬಿಡಿ ಸಾಮಾನು. ಬೆಂಗಳೂರಿನ ಹೊಸ ಫ್ಲ್ಯಾಟುಗಳನ್ನೇ ನೋಡಿ. ಕೀಲಿಕೈ ಸಿಕ್ಕಿದ ಕೂಡಲೇ ಇಂಟೀರಿಯರ್‌ನವರು ಬಂದು, ಬಿಲ್ಡರ್ ಕೂರಿಸಿದ ಸಿಂಕು, ನಲ್ಲಿ, ಬಾತ್‌ರೂಮಿನ ಬಾಗಿಲು, ಕೆಲವೊಮ್ಮೆ ನೆಲದ ಟೈಲ್ಸನ್ನೂ ಕಿತ್ತು ಬೇರೆ ಹಾಕುತ್ತಾರೆ. ಒಬ್ಬರೂ ಕೈ ತೊಳೆಯದ ಬೇಸಿನ್ನು ಅದು! ಶೋರೂಮುಗಳು ಮಾದರಿ ಬದಲಾದಾಗ ಗೋಡೆಗೆ ಅಂಟಿಸಿದ ಹಳೇ ಮಾದರಿಗಳನ್ನು ತೆಗೆಯುತ್ತವೆ. ಹೋಟೆಲು, ಕಚೇರಿಗಳು ಕೆಲವು ವರ್ಷಕ್ಕೊಮ್ಮೆ ವೇಷ ಬದಲಿಸುತ್ತವೆ. ನಮ್ಮ ಬಂಡವಾಳ ಇಲ್ಲಿದೆ. ಒಂದು ಮನೆಯ ಒಂದೂವರೆ ಪೆಟ್ಟಿಗೆಗೆ ಬೆಲೆಯಿಲ್ಲ. ಹತ್ತು ಮನೆಗಳದ್ದನ್ನು ಅಳತೆಗೆ ತಕ್ಕಂತೆ ಜೋಡಿಸಿಟ್ಟರೆ ಒಂದು ಕೋಣೆಯ ನೆಲವಾಗುತ್ತದೆ. ನೆಲ ಒಂದೇ ಬಣ್ಣದ್ದಾಗಿರಲಿಕ್ಕಿಲ್ಲ, ಅಷ್ಟೆ.

ಸಿಕ್ಕಿದ್ದನ್ನೆಲ್ಲ ತೆಗೆದುಕೊಳ್ಳುವುದೂ ಇಲ್ಲ. ಆಸ್ಬೆಸ್ಟಾಸ್ ಶೀಟು ಬೇಡ. ಒಡೆದು ತೆಗೆದ ಚಾವಣಿಯ ಕಬ್ಬಿಣವನ್ನು ನೆಟ್ಟಗೆ ಮಾಡಿ ಇನ್ನೊಂದು ಚಾವಣಿಗೆ ಹಾಕಲು ಕೊಡುವುದಿಲ್ಲ, ಅದು ಗುಜರಿಗೇ ಹೋಗಲಿ. ಹಳೇ ವೈರು, ಸ್ವಿಚ್ಚುಗಳೂ ಬೇಡ. ಬಡವರ ಮನೆಗೆ ಬೆಂಕಿ ಬೀಳುವುದಕ್ಕೆ ದಾನ ಯಾಕೆ? ಬಣ್ಣ ಹಚ್ಚಿದ ಹಳೇ ಮರದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ಮಳಿಗೆಯಲ್ಲಿ ಒದ್ದೆ ಮಾಡದೆ ಉಜ್ಜುವುದಿಲ್ಲ, ಉಜ್ಜಲು ಯಾರಿಗೂ ಬಿಡುವುದಿಲ್ಲ.

ಇನ್ನು ವಾಸ್ತು. ಒಂದು ಮನೆಗೆ ಬಳಸಿದ ಮರ ಇನ್ನೊಂದಕ್ಕೆ ಆಗದು ಎನ್ನುವವರು ನಮ್ಮಲ್ಲಿ ಬಹಳ. ಆದರೆ ರೆಸಾರ್ಟಿನ ಅಂಗಳಕ್ಕೆ ಕಾರೈಕುಡಿಯ ಹಳೇ ಕಂಬ ಬಂದಾಗ ಯಾವ ದೋಷವೂ ಕಾಣುವುದಿಲ್ಲ, ಅದಕ್ಕೆ ಪರಂಪರೆ ಎಂದು ಹೆಸರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳಲಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ನೋಡಿದವರೆಲ್ಲ ಮೆಚ್ಚಿದರು. ನಂಬಿಕೆಯವರ ಜೊತೆ ನಾವು ಜಗಳಕ್ಕಿಲ್ಲ. ಹೊಸಿಲು, ತಲೆಬಾಗಿಲು ಬೇಡವೆಂದರೆ ಬೇಡ, ಕಿಟಕಿ ಒಯ್ಯಲಿ.

ಬೆಲೆಯ ಮಾತು. ದಿನಬಳಕೆಯ ಸಾಮಾನಿನ ಮೇಲೆ ಚೀಟಿ ಇರುತ್ತದೆ, ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ, ಎಲ್ಲರಿಗೂ ಒಂದೇ. ಕೆತ್ತನೆಯ ತೇಗದ ಬಾಗಿಲಿನಂಥದ್ದು ದಾನವಾಗಿ ಬಂದರೆ ಹರಾಜು. ಅದನ್ನು ತೋಟದ ಮನೆಯವರು ಕೊಳ್ಳಲಿ, ಕೈಬಿಚ್ಚಿ ಕೊಳ್ಳಲಿ. ಅವರ ಜೊತೆ ಚೌಕಾಸಿಗೆ ನಾವು ಕೂರುವುದಿಲ್ಲ.

ದಾನಿಗಳಿಗೂ ಒಂದು ವಿಷಯ ಮೊದಲೇ ತಿಳಿದಿರಲಿ: ವಸ್ತು ರೂಪದ ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇಲ್ಲ. ನಾವು ಕೊಡುವ ರಸೀದಿಯಲ್ಲಿ ಸಾಮಾನಿನ ಪಟ್ಟಿ ಇರುತ್ತದೆ, ಅಷ್ಟೆ. ತೆರಿಗೆ ಉಳಿಸಲೆಂದು ಬರುವವರು ಬೇರೆ ಬಾಗಿಲು ನೋಡಿಕೊಳ್ಳಬೇಕು.

ಬಂದ ಹಣದಲ್ಲಿ ಮೊದಲು ಮಳಿಗೆಯ ಕೆಲಸಗಾರರ ಸಂಬಳ. ಇಲ್ಲಿ ಕಿತ್ತು, ಹೊತ್ತು, ತೊಳೆದು ಮಾಡುವವರಿಗೆ ಸೇವೆಯ ಹೆಸರಿನಲ್ಲಿ ಕೂಲಿ ಕಡಿಮೆ ಮಾಡಿದರೆ ಈ ಮಳಿಗೆಗೆ ಮಾನವಿಲ್ಲ. ಉಳಿದದ್ದು ಬಡ್ಡಿಯಿಲ್ಲದ ಸಾಲವಾಗಿ ನಿಂತ ಮನೆಗಳಿಗೆ ಹೋಗುತ್ತದೆ: ಬಾಗಿಲು, ಕಿಟಕಿ, ಗಾರೆ, ನೆಲ, ಕಕ್ಕಸಿನ ಬಾಗಿಲು. ಸಾಮಾನು ಮಳಿಗೆಯಿಂದ, ಕೂಲಿಯ ಹಣ ಸಾಲದಿಂದ. ತೀರಿಸಿದ ಹಣ ಮುಂದಿನ ಮನೆಗೆ. ಸದ್ಯಕ್ಕೆ ಹೊಸ ಮನೆ ಕಟ್ಟಿಸುವ ಮಾತನ್ನು ನಾವು ಆಡುವುದಿಲ್ಲ. ತಳಪಾಯ ಹಾಕಿ ಫೋಟೋ ತೆಗೆಸಿಕೊಳ್ಳುವವರು ಈಗಾಗಲೇ ಸಾಕಷ್ಟಿದ್ದಾರೆ. ಗಂಡಸಿನ ಹೆಸರಿನಲ್ಲಿ ಮನೆ ಇದ್ದರೂ ಸಾಲದ ಪುಸ್ತಕದಲ್ಲಿ ಆ ಮನೆಯ ಹೆಂಗಸಿನ ಸಹಿಯೂ ಬೇಕು. ಲೆಕ್ಕ ತಿಂಗಳಿಗೊಮ್ಮೆ ಮಳಿಗೆಯ ಗೋಡೆಗೆ ಅಂಟುತ್ತದೆ. ಸಾಲ ಪಡೆದವರ ಹೆಸರು, ಫೋಟೋ ಮಾತ್ರ ಎಲ್ಲಿಯೂ ಅಂಟುವುದಿಲ್ಲ.

ಈಗ ಬೇಕಿರುವುದು ಜಾಗ. ಮಳೆ ಸೋರದ, ಲಾರಿ ಹಿಂದಕ್ಕೆ ಬರಬಲ್ಲ ಒಂದು ಶೆಡ್ಡು ಸಾಕು. ಮುಚ್ಚಿದ ಅಕ್ಕಿ ಗಿರಣಿಯಾದರೂ ಸರಿ, ನ್ಯಾಯವಾದ ಬಾಡಿಗೆ ಕೊಡುತ್ತೇವೆ. ಬಡಗಿಗಳು, ಪ್ಲಂಬರುಗಳು, ಗಾರೆ ಮೇಸ್ತ್ರಿಗಳು ವಾರಕ್ಕೆ ಅರ್ಧ ದಿನ ಬಂದು ಯಾವುದು ಬಾಳುತ್ತದೆ, ಯಾವುದು ಬಾಳುವುದಿಲ್ಲ ಎಂದು ಹೇಳಿಕೊಡಬೇಕು. ಗ್ರಾಮ ಪಂಚಾಯಿತಿ ಸದಸ್ಯರು ತಮ್ಮೂರಿನಲ್ಲಿ ನಿಂತ ಮನೆಗಳ ಪಟ್ಟಿ ಮಾಡಿಕೊಡಲಿ, ಪಕ್ಷ ನೋಡದೆ ಮಾಡಿಕೊಡಲಿ. ಶೆಡ್ಡು ಸಿಕ್ಕ ದಿನವೇ ಸಾಮಾನು ಇಳಿಸಿಕೊಳ್ಳಲು ಶುರು ಮಾಡುತ್ತೇವೆ.