ದೇಹಸ್ಥಿತಿಯನ್ನರಿತು ವಿದ್ಯಾಲಯದ ಆಯ್ಕೆ



ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತೆಂದರೆ ನಮ್ಮಲ್ಲಿಗೆ ಬರುವ ತಂದೆತಾಯಿಗಳ ಸಂಖ್ಯೆ ಹೆಚ್ಚುತ್ತದೆ. ಯಾವ ಕಾಲೇಜು, ಯಾವ ವಿಷಯ, ಎಲ್ಲಿ ವಸತಿ ಎಂಬುವೇ ಎಲ್ಲರ ಪ್ರಶ್ನೆಗಳು. ಈ ಸಲ ಜೋಯಿಡಾ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ದಂಪತಿಗಳ ಚಿಂತೆ ಬೇರೆಯಾಗಿತ್ತು. ಮಗಳು ವಾಣಿಜ್ಯ ವಿಭಾಗದಲ್ಲಿ ಉತ್ತಮ ಅಂಕಗಳನ್ನು ಪಡೆದು ತೇರ್ಗಡೆಯಾಗಿದ್ದಾಳೆ. ಹನ್ನೊಂದನೆಯ ವಯಸ್ಸಿನಿಂದ ಆಕೆಗೆ ಮಧುಮೇಹ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಧಾರವಾಡದ ವಿದ್ಯಾರ್ಥಿನಿಲಯಕ್ಕೆ ಕಳುಹಿಸಬೇಕೆಂಬುದು ತಂದೆಯ ಆಸೆ. ಓದು ಇಲ್ಲಿಗೇ ಸಾಕೆಂಬುದು ತಾಯಿಯ ಅಂಜಿಕೆ. ಕೊನೆಗೆ ತಂದೆ ಧ್ವನಿ ತಗ್ಗಿಸಿ, “ನಿಲಯದವರಿಗೆ ತಾವೊಂದು ಪತ್ರ ಕೊಡಬೇಕು. ಆದರೆ ಬೇನೆಯ ಸಂಗತಿ ಅದರಲ್ಲಿ ಬರೆಯಬೇಡಿರಿ. ನಾಳೆ ಲಗ್ನದ ಮಾತು ಬಂದಾಗ ತೊಂದರೆಯಾದೀತು” ಎಂದರು. ಮಗಳು ತಲೆ ತಗ್ಗಿಸಿ ಕುಳಿತಿದ್ದಳು.

ಅಂಥ ಪತ್ರವನ್ನು ನಾವು ಬರೆದುಕೊಡಲಿಲ್ಲ. ಏಕೆಂಬುದನ್ನು ಹೇಳಬೇಕಾದರೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಸುಮಾರು 50 ವರ್ಷಗಳ ಹಿಂದಿನ ಮಾತು. ಆಗ ನಾವು ಮಠವೊಂದರ ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದೆವು. ಸ್ನಾನ, ಇಷ್ಟಲಿಂಗಪೂಜೆ, ಸಾಮೂಹಿಕ ಪ್ರಾರ್ಥನೆಗಳು ಮುಗಿದ ಮೇಲೆಯೇ ಪ್ರಸಾದದ ಪಂಕ್ತಿ. ನಮ್ಮ ಕೋಣೆಯಲ್ಲಿ ಹಳಿಯಾಳದ ಕಡೆಯ ಹುಡುಗನೊಬ್ಬನಿದ್ದ. ದಿನವೂ ನಸುಕಿನಲ್ಲೆದ್ದು ಎಲ್ಲಿಗೋ ಹೋಗಿಬರುತ್ತಿದ್ದ. ಕೇಳಿದರೆ ಗುಡಿಗೆ ಎನ್ನುತ್ತಿದ್ದ. ಅವನು ಆಗಾಗ ಅಡಿಗೆಮನೆಯ ಡಬ್ಬಿಯಿಂದ ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಳ್ಳುವುದನ್ನು ನಾವು ಕಂಡೆವು. ಕಂಡು ಹಿರಿಯರಿಗೆ ದೂರು ಹೇಳಿದೆವು. ಎಲ್ಲರೆದುರಿಗೆ ಅವನಿಗೆ ಬೈಗುಳ ಬಿದ್ದಿತು. ಅವನು ಮರುಮಾತಾಡಲಿಲ್ಲ, ಬೆಲ್ಲ ಮುಟ್ಟುವುದನ್ನು ಬಿಟ್ಟ. ವಾರ ಕಳೆಯುವುದರೊಳಗೆ ಒಂದು ಮುಂಜಾನೆ, ಪ್ರಾರ್ಥನೆ ನಡೆದಿರುವಾಗಲೇ, ಮೈಯೆಲ್ಲ ಬೆವೆತು, ನಡುಗಿ, ಪ್ರಜ್ಞೆ ತಪ್ಪಿ ಬಿದ್ದನು.

ಆಸ್ಪತ್ರೆಯಲ್ಲಿ ನಿಜಸಂಗತಿ ತಿಳಿಯಿತು. ಗುಡಿಗೆಂದು ಹೋಗುತ್ತಿದ್ದವನು ಕಂಪೌಂಡರರೊಬ್ಬರ ಮನೆಗೆ ಹೋಗಿ ಇನ್ಸುಲಿನ್ ಚುಚ್ಚಿಸಿಕೊಂಡು ಬರುತ್ತಿದ್ದ. ಔಷಧ ಮೈಸೇರಿದ ಮೇಲೆ ಪ್ರಸಾದ ತಡವಾದರೆ ರಕ್ತದಲ್ಲಿಯ ಸಕ್ಕರೆ ಇಳಿಯುತ್ತಿತ್ತು. ನಾವು ಕಳವೆಂದು ದೂರಿದ ಆ ಬೆಲ್ಲವೇ ಅವನನ್ನು ಕಾಯುತ್ತಿತ್ತು. ಅವನ ಜೀವ ಉಳಿಯಿತು; ಓದು ಉಳಿಯಲಿಲ್ಲ. ತಂದೆ ಬಂದು ಊರಿಗೆ ಕರೆದುಕೊಂಡು ಹೋದರು. ಮತ್ತೆ ನಾವು ಅವನನ್ನು ಕಾಣಲಿಲ್ಲ. ಅಡಿಗೆಯವರೊಬ್ಬರಿಗೆ ಅವನ ಬೇನೆ ಗೊತ್ತಿದ್ದರೂ ಸಾಕಾಗಿತ್ತು ಎಂಬ ವ್ಯಥೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಮಕ್ಕಳಿಗೆ ಬರುವ ಈ ಬಗೆಯ ಮಧುಮೇಹವು ಸಿಹಿ ಹೆಚ್ಚು ತಿಂದುದರಿಂದ ಬರುವುದಲ್ಲ; ತಂದೆತಾಯಿಗಳ ತಪ್ಪಿನಿಂದಲೂ ಅಲ್ಲ. ಶರೀರದ ರಕ್ಷಣಾಶಕ್ತಿಯೇ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡುತ್ತದೆ. ಅಂದಿನಿಂದ ಇನ್ಸುಲಿನ್ನನ್ನು ಹೊರಗಿನಿಂದಲೇ ಕೊಡಬೇಕು. 1922ರ ಜನವರಿಯಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಬಾರಿಗೆ ಇದನ್ನು ಕೊಡಲಾಯಿತು. ಅದಕ್ಕೆ ಮುನ್ನ ಇಂಥ ಮಕ್ಕಳು ಬದುಕುತ್ತಿರಲಿಲ್ಲ. ಆದುದರಿಂದ ಕಾಡಿನ ಬೇರು, ನಾಟಿ ಕಷಾಯಗಳನ್ನು ನಂಬಿ ಇನ್ಸುಲಿನ್ ನಿಲ್ಲಿಸುವುದು ಪ್ರಾಣದೊಡನೆ ಆಟವಾಡಿದಂತೆ. ಕೆಲವೇ ದಿನಗಳಲ್ಲಿ ಅನಾಹುತ ಸಂಭವಿಸಬಹುದು.

ಇನ್ನು ಕಾಲೇಜಿನ ಆಯ್ಕೆಯ ವಿಚಾರ. ದಾಂಡೇಲಿ, ಹಳಿಯಾಳ, ಜೋಯಿಡಾಗಳ ಜನ ಧಾರವಾಡವನ್ನೂ ಮುಂಡಗೋಡದವರು ಹುಬ್ಬಳ್ಳಿಯನ್ನೂ ನೋಡುವುದು ರೂಢಿ. ಹಳಿಯಾಳದಿಂದ ಧಾರವಾಡ ಸುಮಾರು 35 ಕಿಲೋಮೀಟರು, ದಾಂಡೇಲಿಯಿಂದ 55, ಮುಂಡಗೋಡದಿಂದ ಹುಬ್ಬಳ್ಳಿ ಸುಮಾರು 45. ನಗರದ ಕಾಲೇಜಿನ ಹೆಸರಿಗೆ ಮನ ಸೋಲುವುದು ಸಹಜ. ಆದರೆ 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ನಮ್ಮ ಈ ತಾಲ್ಲೂಕುಗಳ ಪದವಿ ಕಾಲೇಜುಗಳೂ ಸೇರಿವೆ. ದಾಂಡೇಲಿಯ ಬಂಗೂರನಗರ ಪದವಿ ಕಾಲೇಜಿನಲ್ಲಿ ಓದಿದವರಿಗೂ ಧಾರವಾಡದ ಬಹುತೇಕ ಕಾಲೇಜುಗಳಲ್ಲಿ ಓದಿದವರಿಗೂ ಪದವಿಯ ಮುದ್ರೆ ಒಂದೇ. ಅದರಂತೆ 2004ರಲ್ಲಿ ಹಳಿಯಾಳದಲ್ಲಿ ಆರಂಭವಾದ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಮಹಾವಿದ್ಯಾಲಯವು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದುದು. ಬಯಸಿದ ವಿಷಯವು ಹತ್ತಿರದಲ್ಲಿಯೇ ದೊರೆಯುತ್ತಿದ್ದರೆ ಕೇವಲ ಹೆಸರಿಗಾಗಿ ದೂರ ಹೋಗಬೇಕಾಗಿಲ್ಲ. ದೊರೆಯದಿದ್ದರೆ ಬೇನೆಯ ನೆವದಿಂದ ಮಗುವನ್ನು ತಡೆಯಲೂ ಬಾರದು.

ಹತ್ತಿರವೇ ಇರಲಿ, ದೂರವೇ ಇರಲಿ, ಪ್ರವೇಶಪತ್ರ ತುಂಬುವ ಮುನ್ನ ತಾಯಿತಂದೆಗಳು ಮಗುವನ್ನು ಕರೆದುಕೊಂಡು ಆ ಊರಿಗೆ ಒಮ್ಮೆ ಹೋಗಿಬರಬೇಕು. ಮೊದಲನೆಯದಾಗಿ ನೋಡಬೇಕಾದುದು ಊಟದ ವೇಳೆ. ತರಗತಿಗಳು ಎಷ್ಟು ಗಂಟೆಗೆ ಆರಂಭ, ನಡುವೆ ಉಣ್ಣಲು ಬಿಡುವಿದೆಯೇ, ನಿಲಯದಲ್ಲಿ ಊಟ ತಡವಾಗುವುದುಂಟೇ ಎಂದು ವಿಚಾರಿಸಬೇಕು. ಮನೆಯಿಂದಲೇ ಓಡಾಡುವುದಾದರೆ ಬಸ್ಸಿನ ವೇಳೆಯೂ ಇದರಲ್ಲಿಯೇ ಸೇರುತ್ತದೆ. 2023ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯ ಮೂಲಕ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಹಣ ಉಳಿಯಿತು, ವೇಳೆ ಉಳಿಯಲಿಲ್ಲ. ನಸುಕಿನ ಬಸ್ಸು ಹಿಡಿಯುವ ಅವಸರದಲ್ಲಿ ಔಷಧ ತೆಗೆದುಕೊಂಡು ಉಪಾಹಾರ ಬಿಟ್ಟರೆ ಅಪಾಯ ದಾರಿಯಲ್ಲಿಯೇ ಕಾದಿರುತ್ತದೆ.

ಎರಡನೆಯದು ಔಷಧದ ರಕ್ಷಣೆ. ತೆರೆಯದ ಇನ್ಸುಲಿನ್ ಬಾಟಲಿಗಳನ್ನು 2ರಿಂದ 8 ಡಿಗ್ರಿ ಉಷ್ಣತೆಯಲ್ಲಿಡಬೇಕು, ಮಂಜುಗಟ್ಟಬಾರದು. ಬಳಕೆಯಲ್ಲಿರುವುದು ತಂಪಾದ ನೆರಳಿನಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಬಾಳುತ್ತದೆ. ಸೂಪಾ ಜಲಾಶಯದ ನೀರು ನಾಡಿಗೆಲ್ಲ ವಿದ್ಯುತ್ತು ಕೊಟ್ಟರೂ ಆಷಾಢದ ಮಳೆಗೆ ಮರ ಬಿದ್ದಾಗ ಜೋಯಿಡಾದ ಹಳ್ಳಿಗಳಲ್ಲಿ ದೀಪ ಹೋಗುವುದುಂಟು. ಅಂಥಲ್ಲಿ ಹೊರಮೈ ಒದ್ದೆಯಾಗಿಟ್ಟ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಇನ್ನೊಂದು ಪಾತ್ರೆಯಲ್ಲಿ ಬಾಟಲಿಯನ್ನಿಟ್ಟು ಕಾಪಾಡಬಹುದು. ನಿಲಯದಲ್ಲಾದರೆ ಶೀತಪೆಟ್ಟಿಗೆ ಯಾರ ವಶದಲ್ಲಿದೆ, ರಾತ್ರಿ ಅದು ತೆರೆದಿರುತ್ತದೆಯೇ ಎಂದು ಕೇಳಬೇಕು.

ಮೂರನೆಯದು ಆಸ್ಪತ್ರೆ. ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಗುವಿಗೆ ಬೇಕಾದ ಇನ್ಸುಲಿನ್ ತಪ್ಪದೆ ಸಿಗುತ್ತದೆಯೇ, ರಾತ್ರಿಯಲ್ಲಿ ವೈದ್ಯರಿರುತ್ತಾರೆಯೇ ಎಂಬುದನ್ನು ಖುದ್ದಾಗಿ ತಿಳಿಯಬೇಕು. ಧಾರವಾಡ, ಹುಬ್ಬಳ್ಳಿಗಳಲ್ಲಿ ದೊಡ್ಡ ಆಸ್ಪತ್ರೆಗಳಿರುವುದು ಆ ನಗರಗಳ ನಿಜವಾದ ಅನುಕೂಲತೆ.

ಕಾನೂನಿನ ವಿಷಯವನ್ನೂ ಹೇಳಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ರಕ್ತಸ್ರಾವದ ರೋಗವಾದ ಹಿಮೋಫಿಲಿಯಾ, ಥಲಸ್ಸೇಮಿಯಾ, ಕುಡಗೋಲು ಕಣ ರೋಗಗಳು ಅದರಲ್ಲಿವೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯ ಪ್ರಮಾಣಪತ್ರವಿದ್ದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ರಷ್ಟು ಸ್ಥಾನಗಳು ಮೀಸಲು. ಮಧುಮೇಹ ಆ ಪಟ್ಟಿಯಲ್ಲಿಲ್ಲ. ಆದಾಗ್ಯೂ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು 2017ರಲ್ಲಿ ತನ್ನ ಪರೀಕ್ಷೆಗಳಿಗೆ ಕೂಡುವ ಇಂಥ ಮಕ್ಕಳಿಗೆ ತಿನಿಸು ಒಯ್ಯಲು ಅನುಮತಿ ನೀಡಿತು. ನಮ್ಮ ಮಕ್ಕಳೂ ವೈದ್ಯರ ಪತ್ರದೊಡನೆ ಪ್ರಾಚಾರ್ಯರಿಗೆ ಮೊದಲೇ ಲಿಖಿತ ವಿನಂತಿ ಸಲ್ಲಿಸುವುದು ಒಳಿತು. ಬೇನೆಯೊಡನೆ ಓದಿ ಮೇಲೆ ಬಂದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಹುಟ್ಟಿನಿಂದಲೇ ಹಿಮೋಫಿಲಿಯಾ ಇದ್ದ ದಾವಣಗೆರೆಯ ಡಾ. ಸುರೇಶ ಹನಗವಾಡಿಯವರು ವೈದ್ಯರಾಗಿ, ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯದಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದರು. ತಮ್ಮಂಥ ರೋಗಿಗಳಿಗಾಗಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದರು. ಅವರು ತಮ್ಮ ಬೇನೆಯನ್ನು ಬಚ್ಚಿಟ್ಟಿದ್ದರೆ ಆ ಸಂಸ್ಥೆ ಹುಟ್ಟುತ್ತಿರಲಿಲ್ಲ.

ಊರಿಗೆಲ್ಲ ಡಂಗುರ ಸಾರಬೇಕೆಂದು ನಾವು ಹೇಳುವುದಿಲ್ಲ. ನಿಲಯದ ಮೇಲ್ವಿಚಾರಕರು, ಅಡಿಗೆಯವರು, ಒಬ್ಬ ಅಧ್ಯಾಪಕರು, ಕೋಣೆಯ ಇಬ್ಬರು ಗೆಳತಿಯರು ತಿಳಿದಿದ್ದರೆ ಸಾಕು. ಬೆವರು, ನಡುಕ, ತೊದಲು ಮಾತು ಕಂಡೊಡನೆ ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ಅವರಿಗೆ ಕಲಿಸಿಡಬೇಕು. ಲಗ್ನದ ಮಾತಿಗೆ ಬಂದರೆ, ಮುಚ್ಚಿಟ್ಟು ಮಾಡಿದ ಮದುವೆಯ ಮರುದಿನ ಆ ಹುಡುಗಿ ಇನ್ಸುಲಿನ್ನನ್ನು ಎಲ್ಲಿ ಚುಚ್ಚಿಕೊಳ್ಳಬೇಕು? ಇದನ್ನೇ ನಾವು ಆ ತಂದೆಯನ್ನು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನೆ ಕುಳಿತರು.

ಕಳೆದ ತಿಂಗಳು ಅವರಿಂದ ಪತ್ರ ಬಂದಿದೆ. ದಾಂಡೇಲಿಯಲ್ಲಿರುವ ಸೋದರಮಾವನ ಮನೆಯಲ್ಲಿದ್ದು ಮಗಳು ಬಿ.ಕಾಂ. ಓದುತ್ತಿದ್ದಾಳೆ, ಮುಂದೆ ಎಂ.ಕಾಂ.ಗಾಗಿ ಧಾರವಾಡಕ್ಕೆ ಹೋಗುವ ಮನಸ್ಸಿದೆ. ಪ್ರವೇಶದ ದಿನ ತಂದೆ ಮಾತಿಗೆ ತಡವರಿಸಿದಾಗ ಆಕೆಯೇ ಮುಂದೆ ಬಂದು, “ನನಗೆ ಮಧುಮೇಹವಿದೆ. ತರಗತಿಯಲ್ಲಿ ನಾನು ಏನಾದರೂ ಬಾಯಿಗೆ ಹಾಕಿಕೊಂಡರೆ ತಪ್ಪು ತಿಳಿಯಬಾರದು” ಎಂದು ಅಧ್ಯಾಪಕರಿಗೆ ಹೇಳಿದಳಂತೆ. ಆ ವಾಕ್ಯವನ್ನು ಓದಿದಾಗ ನಮಗೆ ನಮ್ಮ ಕೋಣೆಯ ಆ ಹುಡುಗನ ನೆನಪಾಯಿತು.