ತಮ್ಮನ ಪಾತ್ರೆ ಅಂಗಡಿ

ನಮ್ಮೂರಿನ ಮಹಿಳಾ ಸಮಾಜದವರು ಪಾತ್ರೆ ಕೊಳ್ಳಲು ಮಾಡಿದ ಸಮಿತಿಯಲ್ಲಿ ಒಮ್ಮೆ ನಾನೂ ಇದ್ದೆ. ಎರಡು ಕೊಳದಪ್ಪಲೆ, ನಾಲ್ಕು ಡಜನ್ ತಟ್ಟೆ ಲೋಟ ಬೇಕಿತ್ತು. ನಾನು ಒಂದು ಅಂಗಡಿಯ ಹೆಸರು ಹೇಳಿದೆ, ಎಲ್ಲರೂ ಒಪ್ಪಿದರು. ಏಳುವ ಹೊತ್ತಿಗೆ ಹಿರಿಯ ಸದಸ್ಯೆಯೊಬ್ಬರು, "ಅದು ನಿನ್ನ ತಮ್ಮನ ಅಂಗಡಿ ಅಲ್ವೇನಮ್ಮ?" ಎಂದರು. ಹೌದು ಎಂದೆ. "ಮೊದಲೇ ಹೇಳಿದ್ರೆ ಚೆನ್ನಾಗಿತ್ತು" ಎಂದರು, ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು. ನಾನೇನು ಕದ್ದೆನೇ? ಬೆಲೆ ಹೆಚ್ಚೇ? ಸಮಾಜದಿಂದ ಒಂದು ಪೈಸೆ ಮುಟ್ಟದೆ ವರ್ಷಗಟ್ಟಲೆ ದುಡಿದವಳಿಗೆ ಈ ಮಾತೇ? ಮನೆಗೆ ಬಂದು ಯಜಮಾನರ ಮುಂದೆ ಕಣ್ಣೀರನ್ನೂ ಹಾಕಿದೆ.

ಅಮೆರಿಕದ ರಕ್ಷಣಾ ಇಲಾಖೆಯ ಸಲಹೆಗಾರರ ಕಥೆ ಓದುವಾಗಲೆಲ್ಲ ಆ ಸಂಜೆ ನೆನಪಾಗುತ್ತದೆ. ಆ ದೊಡ್ಡವರು ಆಡಿದ್ದೂ ನನ್ನ ಮಾತನ್ನೇ.

ಅಲ್ಲಿ ರಕ್ಷಣಾ ನೀತಿ ಮಂಡಳಿ ಎಂಬುದೊಂದಿದೆ. ಆಗ ಅದರಲ್ಲಿ ಸುಮಾರು 30 ಮಂದಿ. ಸಂಬಳವಿಲ್ಲ. ಆದರೆ ಗುಟ್ಟಿನ ಕಡತಗಳು ಕಣ್ಣಿಗೆ ಬೀಳುತ್ತವೆ, ರಕ್ಷಣಾ ಮಂತ್ರಿಯ ಕಿವಿಗೆ ಮಾತು ತಲುಪುತ್ತದೆ. 2001ರಿಂದ ಇದರ ಅಧ್ಯಕ್ಷರಾಗಿದ್ದವರು ರಿಚರ್ಡ್ ಪರ್ಲ್. ಇರಾಕಿನ ಮೇಲೆ ಯುದ್ಧ ಆಗಲೇಬೇಕೆಂದು ಗಟ್ಟಿಯಾಗಿ ಹೇಳುತ್ತಿದ್ದವರಲ್ಲಿ ಒಬ್ಬರು. ಅದೇ ಕಾಲಕ್ಕೆ ಅವರು ಟ್ರೈರೀಮ್ ಎಂಬ ಬಂಡವಾಳ ಸಂಸ್ಥೆಯ ಪಾಲುದಾರರೂ ಹೌದು. ದೇಶದ ಭದ್ರತೆಗೆ ಬೇಕಾದ ತಂತ್ರಜ್ಞಾನದಲ್ಲಿ ಹಣ ಹೂಡುವುದು ಆ ಸಂಸ್ಥೆಯ ವ್ಯವಹಾರ. ಭಯ ಹೆಚ್ಚಿದಷ್ಟೂ ವ್ಯಾಪಾರ ಹೆಚ್ಚುತ್ತದೆ ಎಂದು ಬಿಡಿಸಿ ಹೇಳಬೇಕೇ? ನಮ್ಮಲ್ಲಿ ಮೂವರು ರಕ್ಷಣಾ ಮಂತ್ರಿಗೆ ಸಲಹೆ ಕೊಡುವವರು ಎಂದು ಆ ಸಂಸ್ಥೆ ಹಣ ಕೇಳುವ ಪತ್ರದಲ್ಲೇ ಬರೆದುಕೊಂಡಿತ್ತು. ನಾನಾದರೂ ತಮ್ಮನ ಅಂಗಡಿಯ ಬೋರ್ಡಿನ ಮೇಲೆ "ಮಹಿಳಾ ಸಮಾಜದ ಸದಸ್ಯೆಯ ತಮ್ಮ" ಎಂದು ಬರೆಸಿರಲಿಲ್ಲ!

ಇದನ್ನು 2003ರ ಮಾರ್ಚಿಯಲ್ಲಿ ಬಯಲಿಗೆಳೆದವರು ಪತ್ರಕರ್ತ ಸೆಮೂರ್ ಹರ್ಷ್. ಪರ್ಲ್ ಟಿ.ವಿ.ಯಲ್ಲಿ ಅವರನ್ನು ಭಯೋತ್ಪಾದಕನಿಗೆ ಹೋಲಿಸಿದರು. ಆಮೇಲೆ ಇನ್ನೊಂದು ಸಂಗತಿ ಹೊರಬಿತ್ತು. ದಿವಾಳಿಯಾದ ಗ್ಲೋಬಲ್ ಕ್ರಾಸಿಂಗ್ ಎಂಬ ದೂರಸಂಪರ್ಕ ಕಂಪನಿಯನ್ನು ಹಾಂಗ್‌ಕಾಂಗ್ ಮತ್ತು ಸಿಂಗಪುರದ ಕಂಪನಿಗಳು ಕೊಳ್ಳಹೊರಟಿದ್ದವು. ಭದ್ರತೆಯ ಕಾರಣಕ್ಕೆ ರಕ್ಷಣಾ ಇಲಾಖೆಯೇ ಅದನ್ನು ವಿರೋಧಿಸಿತ್ತು. ಸರ್ಕಾರದ ಒಪ್ಪಿಗೆ ದೊರಕಿಸಲು ಕಂಪನಿ ಹಿಡಿದುಕೊಂಡದ್ದು ಪರ್ಲ್ ಅವರನ್ನೇ. ಗೊತ್ತಾದ ಶುಲ್ಕ 7,25,000 ಡಾಲರ್. ಅದರಲ್ಲಿ 6,00,000 ಒಪ್ಪಿಗೆ ಸಿಕ್ಕಿದರೆ ಮಾತ್ರ. ಯುದ್ಧ ಶುರುವಾಗಿ ಒಂದು ವಾರಕ್ಕೆ, ಮಾರ್ಚ್ 27ರಂದು, ಅವರು ಅಧ್ಯಕ್ಷಗಿರಿ ಬಿಟ್ಟರು. ಸದಸ್ಯತ್ವ ಬಿಡಲಿಲ್ಲ, ಅದಕ್ಕೆ 2004 ಬರಬೇಕಾಯಿತು. ಇಲಾಖೆಯ ತನಿಖೆ ಏನು ಹೇಳಿತು ಗೊತ್ತೇ? ಕಾನೂನು ಮೀರಿಲ್ಲ. ವರ್ಷಕ್ಕೆ ಕೆಲವೇ ದಿನ ಕೆಲಸ ಮಾಡುವವರಿಗೆ ಆ ನಿಯಮಗಳು ಅಷ್ಟಾಗಿ ತಾಗುವುದೇ ಇಲ್ಲವಂತೆ.

ಅಂಥವರು ಒಬ್ಬರೇ ಅಲ್ಲ. ಆ 30 ಮಂದಿಯಲ್ಲಿ ಕನಿಷ್ಠ 9 ಮಂದಿಗೆ ರಕ್ಷಣಾ ಗುತ್ತಿಗೆ ಪಡೆದ ಕಂಪನಿಗಳ ನಂಟಿತ್ತೆಂದು ಸೆಂಟರ್ ಫಾರ್ ಪಬ್ಲಿಕ್ ಇಂಟೆಗ್ರಿಟಿ ಎಂಬ ಸಂಸ್ಥೆ ಲೆಕ್ಕ ಹಾಕಿತು. 2001 ಮತ್ತು 2002ರಲ್ಲಿ ಆ ಕಂಪನಿಗಳಿಗೆ ಸಿಕ್ಕ ಗುತ್ತಿಗೆಗಳ ಮೊತ್ತ 76 ಬಿಲಿಯನ್ ಡಾಲರಿಗೂ ಮೇಲೆ.

ಹೆಣ್ಣುಮಕ್ಕಳು ಕುರ್ಚಿಯಲ್ಲಿ ಕೂತರೆ ಇದೆಲ್ಲ ಇರುವುದಿಲ್ಲ ಎನ್ನುವವರೂ ಇದ್ದಾರೆ. ನಾನೂ ಹಾಗೆ ಭಾಷಣ ಮಾಡಿದ್ದುಂಟು. ಡಾರ್ಲೀನ್ ಡ್ರೂಯನ್ ಎಂಬಾಕೆಯ ಕಥೆ ಓದಿದ ಮೇಲೆ ನಿಲ್ಲಿಸಿದೆ. ವಾಯುಪಡೆಯ ಖರೀದಿಯಲ್ಲಿ ಆಕೆಯದೇ ಕಾರುಬಾರು. ಬೋಯಿಂಗ್‌ನಿಂದ 100 ಇಂಧನ ವಿಮಾನಗಳನ್ನು 20 ಬಿಲಿಯನ್ ಡಾಲರಿಗೂ ಹೆಚ್ಚು ಹಣಕ್ಕೆ ಪಡೆಯುವ ಮಾತುಕತೆ ನಡೆಸಿದ್ದು ಆಕೆಯೇ. ಮಗಳಿಗೂ ಅಳಿಯನಿಗೂ ಬೋಯಿಂಗ್‌ನಲ್ಲೇ ಕೆಲಸ. ಅಮ್ಮನಿಗೂ ಅಲ್ಲಿ ಸೇರುವ ಮನಸ್ಸಿದೆ ಎಂಬ ಸುದ್ದಿ ಮುಟ್ಟಿಸಿದ್ದು ಆ ಮಗಳೇ. 2003ರ ಜನವರಿಯಲ್ಲಿ ತಾಯಿಯೂ ಆ ಕಂಪನಿ ಸೇರಿದಳು. ಮುಂದಿನ ವರ್ಷ ಒಂಬತ್ತು ತಿಂಗಳ ಜೈಲು. ವಿಮಾನಗಳಿಗೆ ಹೆಚ್ಚು ಬೆಲೆ ಒಪ್ಪಿದ್ದು ಹೊರಡುವ ಮುಂಚಿನ ಉಡುಗೊರೆ ಎಂದು ಆಕೆಯೇ ಒಪ್ಪಿಕೊಂಡಳು. ಮಕ್ಕಳಿಗೊಂದು ಕೆಲಸ ಎನ್ನುವ ಸಂಕಟ ನನಗೆ ಅರ್ಥವಾಗುತ್ತದೆ. ಅರ್ಥವಾಗುವುದರಿಂದಲೇ ಹೆದರಿಕೆ.

ಇಲ್ಲೂ ಒಂದು ಗಂಟು ಉಂಟು. ಅದೇ ವಿಮಾನದ ಒಪ್ಪಂದವನ್ನು ಹೊಗಳಿ 2003ರ ಆಗಸ್ಟಿನಲ್ಲಿ ಪತ್ರಿಕೆಗೆ ಬರೆದ ಇಬ್ಬರಲ್ಲಿ ಪರ್ಲ್ ಒಬ್ಬರು. ಅವರ ಟ್ರೈರೀಮ್‌ಗೆ 20 ಮಿಲಿಯನ್ ಡಾಲರ್ ಕೊಡುವುದಾಗಿ ಬೋಯಿಂಗ್ ಒಪ್ಪಿತ್ತು ಎಂಬುದು ಆ ಲೇಖನದಲ್ಲಿ ಇರಲಿಲ್ಲ.

ಅನುಭವ ಇರುವವರು ಕಂಪನಿಗಳಲ್ಲೇ ಇರುತ್ತಾರೆ, ಅವರನ್ನು ಬಿಟ್ಟು ಯಾರನ್ನು ಕೇಳೋಣ ಎನ್ನುತ್ತಾರೆ ಕೆಲವರು. ಕೇಳಿ, ಬೇಡವೆಂದವರಾರು? ಪಾತ್ರೆಯ ವಿಷಯ ನನ್ನ ತಮ್ಮನಿಗಿಂತ ಚೆನ್ನಾಗಿ ಬಲ್ಲವರು ನಮ್ಮೂರಲ್ಲಿಲ್ಲ. ಅವನನ್ನು ಕರೆದು ಕೇಳಬಹುದು. ಆದರೆ ಯಾರಿಂದ ಕೊಳ್ಳಬೇಕೆಂದು ತೀರ್ಮಾನಿಸುವಾಗ ಅವನೂ ಒಳಗಿರಬಾರದು, ನಾನೂ ಇರಬಾರದು. ಇನ್ನು ಸಂಬಳವಿಲ್ಲದ ಸೇವೆ ಎಂಬ ಮಾತು. ಸಂಬಳ ತೆಗೆದುಕೊಳ್ಳುವವನ ಲೆಕ್ಕ ಕಡತದಲ್ಲಿರುತ್ತದೆ, ಕೇಳಬಹುದು. ಬಿಟ್ಟಿ ದುಡಿಯುವವನ ಹೊಟ್ಟೆ ಎಲ್ಲಿ ತುಂಬುತ್ತದೆ ಎಂದು ಯಾರನ್ನು ಕೇಳುವುದು? ಮಂಡಳಿಗೆ ಬರುವವರು ಇನ್ನೊಂದು ಕಡೆಯ ಆದಾಯ, ಪಾಲು, ಮಗಳು ಅಳಿಯನ ನೌಕರಿ ಎಲ್ಲವನ್ನೂ ಮೊದಲೇ ಬರೆದು, ಜನ ಓದುವ ಜಾಗದಲ್ಲಿ ಹಾಕಲಿ. ಅದು ಕಷ್ಟವೆನಿಸಿದರೆ ಮನೆಯಲ್ಲಿರಲಿ. ಇದು ಕೊಳದಪ್ಪಲೆಯ ವ್ಯಾಪಾರವಲ್ಲ. ಇವರ ಸಲಹೆಯ ಮೇಲೆ ಹೊರಟುಹೋದವರು ಯಾರದೋ ಮಕ್ಕಳು, ಬಾಂಬು ಬಿದ್ದ ಬೀದಿಗಳಲ್ಲಿದ್ದವರೂ ಯಾರದೋ ಮಕ್ಕಳು.

ಆ ಹಿರಿಯ ಸದಸ್ಯೆ ಈಗಿಲ್ಲ. ಮುಂದಿನ ಸಭೆಯಲ್ಲಿ ನಾನೇ ಎದ್ದು ತಮ್ಮನ ಅಂಗಡಿಯ ವಿಷಯ ಹೇಳಿ, ಬೇರೆ ಎರಡು ಕಡೆಯ ದರಪಟ್ಟಿ ತರಿಸೋಣ ಎಂದಿದ್ದೆ. ತಮ್ಮ ಒಂದು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಿದ್ದ.